ನಂಗಲಿಯ ಮೊದಲ ಓಟು

ಕಳೆದ ಚುನಾವಣೆಯ ದಿನ ಅಮ್ಮ ನಂಗಲಿಯ ಮತಗಟ್ಟೆಯಲ್ಲಿ ಎಲ್ಲರಿಗಿಂತ ಮೊದಲು ಓಟು ಹಾಕಿ, ಶಾಯಿ ಹಚ್ಚಿದ ಬೆರಳನ್ನು ಬೀದಿಗೆಲ್ಲ ತೋರಿಸಿ ಬಂದು, ಮುದ್ದೆ ಉಂಡು ಮಲಗಿದಳು. ಮರುದಿನ ಏಳಲಿಲ್ಲ.

ಇಂದು ಲೋಕಸಭೆಗೆ ಉಪಚುನಾವಣೆ. ಈ ಸಲವೂ ಮೊದಲ ಓಟು ನಮ್ಮ ಮನೆಯದೇ ಆಗಬೇಕೆಂದು ಕೋಲಾರದಿಂದ ಮೊದಲ ಬಸ್ಸು ಹಿಡಿದೆ. ಮುಳಬಾಗಿಲು ದಾಟುವಾಗ ಬೆಳಕು ಹರಿಯಿತು. ನಂಗಲಿಯಲ್ಲಿ ಇಳಿದವಳೇ ಹೆದ್ದಾರಿಯ ಲಾರಿಗಳ ನಡುವೆ ನುಸುಳಿ ಮತಗಟ್ಟೆಯಿದ್ದ ಶಾಲೆಯತ್ತ ಓಡಿದೆ.

ಮುಚ್ಚಿದ ಬಾಗಿಲ ಮುಂದೆ ಐದಾರು ಜೊತೆ ಚಪ್ಪಲಿಗಳು ಸಾಲಾಗಿ ನಿಂತಿದ್ದವು. ಅವುಗಳ ಒಡತಿಯರು ಬೇವಿನ ಮರದ ಕೆಳಗೆ ಕೂತು ಹರಟುತ್ತಿದ್ದರು. ಮೊದಲ ಜೊತೆ ಪಾಪಮ್ಮನದು. ಪ್ರತಿ ಚುನಾವಣೆಯಲ್ಲೂ ಅಮ್ಮನ ಹಿಂದೆ ಎರಡನೆಯವಳಾಗಿ ಉಳಿದು, ಅವಳೊಂದಿಗೆ ತೆಲುಗಿನಲ್ಲಿ ಜಗಳಕ್ಕೆ ನಿಲ್ಲುತ್ತಿದ್ದವಳು.

"ಏಮ್ಮಾ, ಈಗ್ ಬಂದ್ಯಾ? ನಿಮ್ಮಮ್ಮ ಕೋಳಿ ಕೂಗೋಕ್ ಮುಂಚೆ ಚಪ್ಪಲಿ ಇಟ್ಟಿರೋಳು ಕಣೇ!"

"ಬಸ್ಸು ಇದ್ದಿದ್ದೇ ಅದೊಂದು, ಪಾಪಕ್ಕ. ಅಮ್ಮನ್ ಹೆಸರಲ್ಲಿ ಇವತ್ತೊಂದಿನ ಜಾಗ ಬಿಡು."

"ಯಾಕ್ ಬಿಡ್ಲಿ? ಅವಳು ಒಂದ್ಸಲನಾದ್ರೂ ಬಿಟ್ಲಾ?"

ಮರದ ಕೆಳಗೆ ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆದರೂ ಏಳು ಗಂಟೆಗೆ ಬಾಗಿಲು ತೆರೆದಾಗ, ಎಡವಿದರೆ ಸಾಕು ನುಗ್ಗಿಬಿಡೋಣವೆಂದು ಅವಳ ಕಾಲನ್ನೇ ನೋಡುತ್ತಿದ್ದೆ. ಪಾಪಮ್ಮ ಎಡವಲಿಲ್ಲ. ಒಳಗೆ ಬೀಪ್ ಸದ್ದಾಯಿತು.

ಹೊರಬಂದು ಬೆರಳನ್ನು ನನ್ನ ಮೂಗಿಗೇ ಹಿಡಿದಳು. "ನೋಡೇ, ಫಸ್ಟು!"

ಆಮೇಲೆ ಸಾಲಿನ ಕೊನೆಯವರೆಗೂ ಒಮ್ಮೆ ಕಣ್ಣಾಡಿಸಿದಳು.

"ಯಾರೂ ಬೈತಾನೇ ಇಲ್ವಲ್ಲೇ. ನೀನಾದ್ರೂ ಬೈಯೇ."

ಬಾಯಿ ತೆರೆದೆ. ಅಮ್ಮನ ತೆಲುಗು ಬೈಗುಳ ಒಂದೂ ನನಗೆ ಬರುವುದಿಲ್ಲ.