ನಮ್ಮವರ ರೂನ್, ಅತ್ತೆಯ ರುಣ

೨೦೦೫ನೇ ಇಸವಿ. ನಮ್ಮವರು ಹಡಗಿನ ಕೆಲಸ ಬಿಟ್ಟು ಕಡಲ ಬದಿಯ ನಮ್ಮೂರು ಕೋಡಿಯ ಮನೆಗೆ ಬಂದು ಕೂತ ವರ್ಷ. ಹದಿನಾರು ವರ್ಷ ಸರಕಿನ ಹಡಗಿನಲ್ಲಿ ಅಡುಗೆ ಮಾಡಿದವರು, ಮಂಡಿನೋವು ತಡೆಯಲಾಗದೆ ವಾಪಸು ಬಂದರು. ಹಡಗಿನಿಂದ ಬಂದವರು ಮನೆಗೆ ಸೆಂಟು, ಚಾಕಲೇಟು, ಕಂಬಳಿ ತರುವುದು ರೂಢಿ. ನಮ್ಮವರು ತಂದದ್ದು ಒಂದು ಚರ್ಮದ ಚೀಲ. ಒಳಗೆ ಇಪ್ಪತ್ನಾಲ್ಕು ಮರದ ತುಂಡು. ಒಂದೊಂದರ ಮೇಲೂ ಒಂದೊಂದು ಥರ ಗೀರಿದ ಗುರುತು.

"ಇದೆಂತ, ಚನ್ನೆಮಣೆ ಆಡುಕಾ?" ಅಂತ ಕೇಳಿದೆ.

"ಅಲ್ಲ, ರೂನ್" ಅಂದರು.

ಅವರ ಹಡಗಿನ ಚೀಫ್ ಎಂಜಿನಿಯರ್ ನಾರ್ವೆ ದೇಶದ ಮುದುಕ. ರಿಟೈರ್ ಆಗುವಾಗ ಅದನ್ನು ಇವರಿಗೆ ಕೊಟ್ಟು ಹೋದನಂತೆ. ಅಲ್ಲಿಯವರು ಚರ್ಚಿಗೆ ಹೋಗುವುದಕ್ಕೆ ಶುರು ಮಾಡುವ ಮೊದಲು ಬಳಸುತ್ತಿದ್ದ ಅಕ್ಷರಗಳವು. ಒಂದೊಂದಕ್ಕೂ ಒಂದು ಹೆಸರು, ಒಂದು ಅರ್ಥ. ಬೆಳಿಗ್ಗೆ ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಿ ಒಂದು ತುಂಡು ತೆಗೆದರೆ ಆ ದಿನಕ್ಕೆ ಅದು ಹೇಳಿದ್ದೇ ಮಾತು. ಓಡಿನ್ ಅನ್ನುವ ಒಕ್ಕಣ್ಣಿನ ದೇವರು ಒಂಬತ್ತು ದಿನ ಮರಕ್ಕೆ ನೇತುಬಿದ್ದು ಈ ಅಕ್ಷರಗಳನ್ನು ಸಂಪಾದಿಸಿದನಂತೆ.

"ನಮ್ಮಲ್ ಇಷ್ಟೆಲ್ಲ ದೈವ ದೇವ್ರ್ ಇದ್ರೂ ನಿಮ್ಗೆ ಈ ಓಡಿ ಹೋಪು ದೇವ್ರ್ ಎಂತಕೆ ಬೇಕಿತ್ತ್?" ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ಇವರು ನಿಜಕ್ಕೂ ನಂಬಿದ್ದಾರೆ ಅಂತ ನನಗೆ ಆಗ ಗೊತ್ತಾಯಿತು. ನನ್ನ ತಲೆಬಿಸಿ ಶುರುವಾದದ್ದೂ ಆಗಲೇ.

ನಾನು ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ರೂನ್ ಹಾಸುವುದಕ್ಕೆ ಬಿಳಿ ಬಟ್ಟೆ ಬೇಕು ಅಂತ ನನ್ನ ಗಿರಾಕಿಯ ಲೈನಿಂಗ್ ಬಟ್ಟೆಗೇ ಕತ್ತರಿ ಹಾಕಿದರು. ಪ್ರಯಾಣದ ರೂನ್ ಬಂದ ದಿನ ಏನೂ ಕೆಲಸವಿಲ್ಲದೆ ಬಸ್ಸು ಹತ್ತಿ ಬೈಂದೂರಿಗೆ ಹೋಗಿ, ಒಂದು ಚಾ ಕುಡಿದು ವಾಪಸು ಬಂದರು. ನೀರಿನ ರೂನ್ ಬಂದ ದಿನ ಮಧ್ಯಾಹ್ನದವರೆಗೂ ಕಡಲ ಬದಿಯಲ್ಲಿ ಕೂತರು. ಮಂಜುಗಡ್ಡೆಯ ರೂನ್ ಬಂದರೆ ಆ ದಿನ ಕದಲಬಾರದಂತೆ. ಅವತ್ತು ರೇಷನ್ ಅಂಗಡಿಗೆ ಹೋಗಿ ಅಂದರೂ ಕೂತಲ್ಲಿಂದ ಏಳಲಿಲ್ಲ. ಪಕ್ಕದ ಮನೆಯ ಗಿರಿಜಕ್ಕ ಮೀನು ಮಾರುವವಳು. ಅವಳಿಗೆ ಇದು ಅರ್ಥವೇ ಆಗಲಿಲ್ಲ. "ಐಸ್ ಬಂದ್ರೆ ಒಳ್ಳೇದಲ್ದಾ ಮಾರಾಯ್ತಿ? ಮೀನ್ ಹಾಳಾತಿಲ್ಲೆ" ಅಂದಳು.

ಇಷ್ಟನ್ನೂ ಹೇಗೋ ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ಕಾಗೆ ಸಮಾಚಾರ. ರೂನ್ ತೆಗೆದಾದ ಮೇಲೆ ಇವರು ಕಾಂಪೌಂಡ್ ಗೋಡೆಯ ಮೇಲೆ ಬಾಳೆಲೆ ತುಂಡು ಹಾಸಿ, ಬಿಸಿ ಅನ್ನ ಇಟ್ಟು, ತಮ್ಮ ಲೋಟದ ಚಾವನ್ನು ನಾಲ್ಕು ಹನಿ ನೆಲಕ್ಕೆ ಹೊಯ್ದು, ಕೈಮುಗಿದು "ಕಾ ಕಾ" ಎಂದು ಕರೆಯುತ್ತಿದ್ದರು. ನಮ್ಮ ಕಡೆ ಎಲೆಯಲ್ಲಿ ಅನ್ನ ಇಟ್ಟು ಕಾಗೆ ಕರೆಯುವುದು ಯಾವಾಗ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಸತ್ತವರ ಬೊಜ್ಜದ ದಿನ. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತು ಅಂತ ಲೆಕ್ಕ. ಅದು ಮುಟ್ಟುವವರೆಗೆ ಮನೆಯವರು ಊಟಕ್ಕೆ ಕೂರುವ ಹಾಗಿಲ್ಲ. ಅದನ್ನೇ ಇವರು ದಿನಾ ಬೆಳಿಗ್ಗೆ ಮಾಡಿದರೆ ನೋಡಿದವರು ಏನೆಂದುಕೊಳ್ಳಬೇಕು?

"ಹ್ವಾಯ್, ನಿಮ್ ಮನ್ಯಂಗೆ ದಿನಾ ಯಾರ್ ಸಾಯ್ತ್ರ್?" ಅಂತ ಗಿರಿಜಕ್ಕ ಗೋಡೆಯಾಚೆಯಿಂದ ಕೇಳಿದಳು. ನನಗೆ ನಾಚಿಕೆಯಾಗಿ ಸಾಕಾಯಿತು.

"ಇದೆಂತ ಹುಚ್ಚ್ ನಿಮ್ದ್?" ಎಂದು ನಮ್ಮವರನ್ನು ತರಾಟೆಗೆ ತೆಗೆದುಕೊಂಡೆ. "ಅದ್ ಆ ದೇವ್ರ ಹಕ್ಕಿ" ಅಂದು ಮಾತು ಮುಗಿಸಿದರು. ಅವರು ಮೊದಲಿನಿಂದಲೂ ಹಾಗೆ. ಹತ್ತು ಪ್ರಶ್ನೆಗೆ ಒಂದು ಉತ್ತರ, ಅದೂ ಅರ್ಧ.

ಆ ಹೊತ್ತಿಗೆ ನಮ್ಮ ಅತ್ತೆ ಬಾವಿಕಟ್ಟೆಯ ಹತ್ತಿರ ಜಾರಿಬಿದ್ದು, ಸೊಂಟದ ಆಪರೇಷನ್ ಆಗಿ ಮಂಚ ಹಿಡಿದಿದ್ದರು. ಕಿವಿ ಮೊದಲೇ ಮಂದ. ಅವರ ಕಿಟಕಿಯಿಂದ ಕಾಂಪೌಂಡ್ ಗೋಡೆ ನೇರ ಕಾಣುತ್ತದೆ. "ಹೊಟ್ಟೆ ತುಂಬ ಉಣ್ಣಿಸಿ, ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಮತ್ತೆ ಎದ್ದು ನಿಲ್ಲುವುದು ಕಷ್ಟ" ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಒಂದು ಸೋಮವಾರ ಅತ್ತೆ ಊಟ ಬೇಡ ಅಂದರು. ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ. ಮಂಗಳವಾರ ಗಂಜಿ ಹಿಡಿದುಕೊಂಡು ಹೋದರೆ ಮುಖ ತಿರುಗಿಸಿದರು. ಬುಧವಾರ ಬಂಗುಡೆ ಸಾರು ಮಾಡಿದೆ, ಅದಕ್ಕೂ ಬಾಯಿ ತೆರೆಯಲಿಲ್ಲ. ನೀರು ಬಿಟ್ಟರೆ ಬೇರೇನೂ ಇಲ್ಲ. ಮಗ ಹತ್ತಿರ ಬಂದರೆ ಕಣ್ಣು ಮುಚ್ಚಿಬಿಡುತ್ತಿದ್ದರು. ಖಾಲಿ ಹೊಟ್ಟೆಗೆ ಮಾತ್ರೆ ಕೊಡುವ ಹಾಗೂ ಇಲ್ಲ. ಕೈ ಮುಟ್ಟಿದರೆ ತಣ್ಣಗಿತ್ತು. ಇವರು ಹೀಗೇ ಹೋಗಿಬಿಡುತ್ತಾರೆ ಅಂತ ನನಗೆ ಹೆದರಿಕೆ ಹತ್ತಿತು. ನಮ್ಮವರು ಮಾತ್ರ ಚೀಲದಿಂದ ಒಂದು ತುಂಡು ತೆಗೆದು ನೋಡಿ, "ಸಮ ಆತ್ತ್" ಅಂದರು. ಆ ಚೀಲವನ್ನು ಒಲೆಗೆ ಹಾಕದೆ ಬಿಟ್ಟದ್ದು ನನ್ನ ದೊಡ್ಡತನ.

ಗುರುವಾರ ಬೆಳಿಗ್ಗೆ ಅತ್ತೆಯ ಪಕ್ಕ ಕೂತು ಕಿವಿಯ ಹತ್ತಿರ ಜೋರಾಗಿ ಕೇಳಿದೆ, "ಅತ್ತೆ, ಎಂತಾಯ್ತ್? ಹೇಳಿ ಕಾಂಬ."

ಅವರ ಕಣ್ಣಲ್ಲಿ ನೀರು ಬಂತು. "ನನ್ ಮಗನಿಗೆ ನನ್ ರುಣ ಆಯ್ತಂಬ್ರ್. ದಿನಾ ಬೆಳಿಗ್ಗೆ ನಿನ್ ಹತ್ರ ಹೇಳುದ್ ನಂಗ್ ಕೇಣ್ತಿಲ್ಯಾ? ರುಣ ಆಯ್ತ್, ಕಾಕಿಗೆ ಅನ್ನ ಕೊಡ್, ಅಂತ. ಜೀವ ಇಪ್ಪತಿಗೇ ನನ್ ಬೊಜ್ಜ ಮಾಡ್ತಿದ್ದ. ಇನ್ನ್ ನಾನ್ ಉಂಡ್ ಎಂತ ಆಯ್ಕ್ ಹೆಣ್ಣೆ?"

ನನಗೆ ಒಂದು ನಿಮಿಷ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮವರು ದಿನಾ ಅಡುಗೆಮನೆ ಬಾಗಿಲಿಗೆ ಬಂದು ಕೂಗಿ ಹೇಳುತ್ತಿದ್ದದ್ದು, "ಹ್ವಾಯ್, ರೂನ್ ಆಯ್ತ್, ಕಾಕಿಗೆ ಅನ್ನ ಕೊಡ್." ಅತ್ತೆಗೆ ರೂನ್ ಅನ್ನುವ ಶಬ್ದ ಎಲ್ಲಿಂದ ಗೊತ್ತಿರಬೇಕು? ಅವರಿಗೆ ಗೊತ್ತಿದ್ದದ್ದು ರುಣ. ತಾಯಿಯ ಋಣ ಮುಗಿಯಿತು ಅಂತ ದಿನಾ ಬೆಳಿಗ್ಗೆ ಸಾರಿ ಹೇಳಿ, ಅವರ ಕಣ್ಣೆದುರೇ ಕಾಗೆಗೆ ಎಲೆ ಹಾಕುವ ಮಗ!

ಹೊರಗೆ ಹೋದೆ. ಮಹಾನುಭಾವರು ಗೋಡೆಯ ಹತ್ತಿರ ಕೈಮುಗಿದು ನಿಂತಿದ್ದರು. ಮುಗಿದ ಕೈಯನ್ನೇ ಹಿಡಿದೆಳೆದೆ. "ಬನ್ನಿ ಒಳ್ಗೆ. ಇದೆಲ್ಲ ಎಂತದ್ ಅಂತ ನಿಮ್ ಅಬ್ಬಿಗೆ ಹೇಳಿ. ಇವತ್ ಹೇಳ್ದಿದ್ರೆ ಈ ಚೀಲ ಸೀದಾ ಕಡಲಿಗೆ."

ಮಂಚದ ತುದಿಯಲ್ಲಿ ಕೂತರು. ಚೀಲದ ದಾರ ಬಿಚ್ಚಿದರು, ಕಟ್ಟಿದರು. ಕೊನೆಗೆ ಮೆಲ್ಲಗೆ ಅಂದರು, "ಅಪ್ಪಯ್ಯನ ಸುದ್ದಿಗೆ."

"ಎಂತ?" ಅಂದರು ಅತ್ತೆ.

"ಅಪ್ಪಯ್ಯನ ಸುದ್ದಿಗೆ, ಅಬ್ಬಿ!" ಎಂದು ಕೂಗಿದರು.

ಮಾವನನ್ನು ನಾನು ನೋಡಿಲ್ಲ. ನಮ್ಮವರು ಮೂರನೇ ಕ್ಲಾಸಿನಲ್ಲಿದ್ದಾಗ ದೋಣಿ ಮಗುಚಿ ಹೋದವರು. ಹೆಣವೂ ಸಿಗಲಿಲ್ಲ. ನಾನು ಈ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ತಾಯಿ ಮಗ ಒಮ್ಮೆಯೂ ಅವರ ಮಾತೆತ್ತಿದ್ದನ್ನು ಕೇಳಿರಲಿಲ್ಲ. ಅಷ್ಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡದ್ದನ್ನು ನಮ್ಮವರು ಅವತ್ತು ಬೊಬ್ಬೆ ಹೊಡೆದು ಹೇಳಬೇಕಾಯಿತು. ಗಿರಿಜಕ್ಕ ಮೀನಿನ ಬುಟ್ಟಿ ಸಮೇತ ಗೋಡೆಯ ಹತ್ತಿರ ಬಂದು ನಿಂತಳು. ನಿಲ್ಲಲಿ ಅಂತ ಬಿಟ್ಟೆ.

ಹಡಗು ಸೇರಿದ ಹೊಸತರಲ್ಲಿ ಇವರು ಅಡುಗೆ ಮುಗಿಸಿ ಡೆಕ್ಕಿಗೆ ಬಂದು ಸುಮ್ಮನೆ ನೀರು ನೋಡುತ್ತಿದ್ದರಂತೆ. ಯಾರನ್ನು ಹುಡುಕುತ್ತೀ ಅಂತ ಆ ಎಂಜಿನಿಯರ್ ಮುದುಕ ಒಂದು ದಿನ ಕೇಳಿದನಂತೆ. ಅವನ ಅಜ್ಜನೂ ಮೀನಿಗೆ ಹೋಗಿ ವಾಪಸು ಬಾರದವನು.

"ಅವ್ರ ದೇವ್ರಿಗೆ ಎರಡ್ ಕಾಕಿ ಅಬ್ಬಿ! ಒಂದ್ ಯೋಚ್ನೆ, ಇನ್ನೊಂದ್ ನೆನ್ಪ್! ದಿನಾ ಬೆಳಿಗ್ಗೆ ಲೋಕ ಎಲ್ಲ ಸುತ್ತಿ ಸುದ್ದಿ ತತ್ತೊ! ನೆನ್ಪಿನ್ ಕಾಕಿ ವಾಪಸ್ ಬತ್ತಿಲ್ಯೋ ಏನೋ ಅಂತ ಆ ದೇವ್ರಿಗೂ ಹೆದ್ರಿಕೆ ಅಂಬ್ರ್! ಎಲ್ ಕೈ ಮುಗ್ದ್ರೂ ನಂಗೆ ಅಪ್ಪಯ್ಯ ಹತ್ರ ಬಂದಂಗ್ ಆಗ್ಲಿಲ್ಲೆ. ಈ ಚೀಲಕ್ಕೆ ಕೈ ಹಾಕಿರೆ ಆತ್ತ್, ಅಬ್ಬಿ!"

ಕೂಗಿ ಕೂಗಿ ಅವರ ಗಂಟಲು ಒಡೆದಿತ್ತು.

"ನಿನ್ ಅಪ್ಪಯ್ಯನ ಬೊಜ್ಜದ್ ದಿನ ಕಾಕಿ ಮುಟ್ಲಿಲ್ಲೆ" ಅಂದರು ಅತ್ತೆ. "ಮಗನ್ನ ಕಡಲಿಗೆ ಕಳ್ಸುದಿಲ್ಲೆ ಅಂತ ಹೇಳ್, ಮುಟ್ಟತ್ ಅಂದ್ರ್ ಎಲ್ಲ. ನಾನ್ ಹೇಳ್ಲಿಲ್ಲೆ ಮಗಾ. ಕಡಲ್ ಬಿಟ್ರೆ ನಮ್ಗೆ ಎಂತ ಇತ್ತ್? ಹೊತ್ತ್ ಇಳಿಯುವರಿಗೆ ಕಾದ್ರ್. ಕಡಿಗೆ ಎಲೆನ ನೀರಿಗ್ ಬಿಟ್ರ್. ಅಂದಿನಿಂದ ನಾನ್ ಉಂಡದ್ದೆಲ್ಲ ಅವ್ರನ್ನ ಉಪಾಸ ಇಟ್ಟ್ ಉಂಡಂಗೆ."

ನಮ್ಮವರು ತಾಯಿಯ ಕೈ ಹಿಡಿದುಕೊಂಡರು. ಅತ್ತೆ ಕಿಟಕಿಯ ಕಡೆ ನೋಡಿದರು.

"ಈಗ ಮುಟ್ಟತ್ತಾ?"

"ದಿನಾ ಮುಟ್ಟತ್ ಅಬ್ಬಿ! ಒಂದ್ ಅಗ್ಳ್ ಬಿಡುದಿಲ್ಲೆ!"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಹಂಗಾರೆ ನಂಗೂ ಬಡ್ಸ್ ಹೆಣ್ಣೆ."

ಎರಡು ಸಲ ಗಂಜಿ ಹಾಕಿಸಿಕೊಂಡು ಉಂಡರು. ಉಣ್ಣಿಸುತ್ತಾ ನನಗೆ ಅಳುವೂ ಬರುತ್ತಿತ್ತು, ಮೈಯೆಲ್ಲ ಉರಿಯುತ್ತಲೂ ಇತ್ತು. ನಾರ್ವೆಯ ಮುದುಕನಿಗೆ ಹೇಳಿದ ಮಾತನ್ನು ಕಟ್ಟಿಕೊಂಡ ಹೆಂಡತಿಗೆ ಹೇಳಿದ್ದರೆ ಇವರ ಗಂಟು ಏನು ಹೋಗುತ್ತಿತ್ತು?

ಅತ್ತೆ ಕೋಲು ಹಿಡಿದು ಎದ್ದರು. ಮತ್ತೆ ಆರು ವರ್ಷ ಬದುಕಿದರು. ಕಾಗೆಗೆ ಅನ್ನ ಹಾಕುವ ಕೆಲಸ ಮಗನಿಂದ ಕಸಿದುಕೊಂಡರು. ಅನ್ನ ಬೆಂದದ್ದು ತಡವಾಯಿತು ಅಂತ ನನಗೆ ದಿನಾ ಬೈಗುಳ. ಒಬ್ಬರಿದ್ದ ಕಡೆ ಇಬ್ಬರಾದರು, ನನ್ನ ಪಾಡು ಕೇಳುವವರಿಲ್ಲ.

೨೦೧೧ರಲ್ಲಿ ಅತ್ತೆ ಹೋದರು. ಬೊಜ್ಜದ ದಿನ ನಮ್ಮವರು ಎಲೆ ಇಟ್ಟು ಹಿಂದೆ ಸರಿಯುವುದರೊಳಗೆ ಎರಡು ಕಾಗೆ ಬಂದು ಕೂತವು. "ಎಂಥ ತೃಪ್ತಿ ಕಾಣಿ" ಎಂದು ನೆಂಟರೆಲ್ಲ ಕಣ್ಣೊರೆಸಿಕೊಂಡರು. ಆರು ವರ್ಷ ನನ್ನ ಅಕ್ಕಿ ತಿಂದು ಕೊಬ್ಬಿದ ಕಾಗೆಗಳು ಬಾರದೆ ಎಲ್ಲಿಗೆ ಹೋಗುತ್ತವೆ ಅಂತ ನಾನು ಮನಸ್ಸಿನಲ್ಲೇ ಗೊಣಗಿಕೊಂಡೆ. ಅವು ತಿಂದು ಮುಗಿಸಿ ಕಡಲ ಕಡೆ ಹಾರಿದವು. ಆಗ ಏನಾಯಿತೋ ಗೊತ್ತಿಲ್ಲ, ಅಷ್ಟು ಜನರ ನಡುವೆ ನನ್ನ ಬಾಯಿಂದಲೇ ಮಾತು ಬಂದುಬಿಟ್ಟಿತು. "ಅತ್ತೆಗೆ ಮಾವ ಸಿಕ್ಕಿದ್ರಾ ಅಂತ ನಾಳೆ ಬಂದ್ ಹೇಳಿ."

ನಮ್ಮವರು ತಿರುಗಿ ನನ್ನನ್ನು ನೋಡಿದರು. ಅವರ ಮುಖ ಕಂಡು ಸಿಟ್ಟೇ ಬಂತು. "ಎಂತ ಕಾಂತ್ರಿ? ಊಟಕ್ ಕೂಕಣಿ" ಅಂತ ಗದರಿಸಿ ಒಳಗೆ ಹೋದೆ. ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲು ಗೋಡೆಯ ಹತ್ತಿರ ಹೋಗಿ ನಿಂತವಳು ನಾನು.