ಯಂಕಪ್ಪ ಬರೆದ ಮಂಗ್ಯಾ

ಇಂಡಿಯಿಂದ ಮುದ್ದೇಬಿಹಾಳದವರೆಗೆ ಅಂಗಡಿ ಬೋರ್ಡು, ಟ್ರ್ಯಾಕ್ಟರುಗಳ ಮೇಲೆ ಮೂವತ್ತು ವರ್ಷ ಮಂದಿಯ ಹೆಸರು ಬರೆದ ಪೇಂಟರ್ ಯಂಕಪ್ಪನಿಗೆ ಒಂದು ಚಟವಿತ್ತು. ಯಾಕೆಂದು ತಿಳಿಯದೆ ಬಣ್ಣದಲ್ಲಿ ಬ್ರಷ್ ಅದ್ದುತ್ತಿರಲಿಲ್ಲ. ಕಿರಾಣಿ ಬೋರ್ಡಿಗೆ ಹಸಿರೇ ಯಾಕೆ ಎಂದು ಕೇಳಿ ಎಷ್ಟೋ ಗಿರಾಕಿಗಳ ತಲೆ ತಿಂದಿದ್ದ.

೧೯೯೮ರಲ್ಲಿ ನಿಡಗುಂದಿಯ ಹೈಸ್ಕೂಲೊಂದರ ಗೋಡೆಗೆ ಚಿತ್ರ ಬರೆಯಲು ಕರೆ ಬಂತು. ವಿಜ್ಞಾನ ಕಲಿಸುವ ಭುವನೇಶ್ವರಿ ಅಕ್ಕೋರು ಪುಸ್ತಕ ತೆರೆದು ತೋರಿಸಿದ್ದು ಆಫ್ರಿಕಾದ ಮ್ಯಾಂಡ್ರಿಲ್ ಜಾತಿಯ ಗಂಡುಮಂಗ. ಕೆಂಪು ಮೂಗು, ನೀಲಿ ಗಲ್ಲ. ಕುಂಡಿಯ ಮೇಲೂ ಅದೇ ವೈಭವ. ಇಷ್ಟು ಬಣ್ಣ ಯಾಕ್ರಿ ಎಂದ ಯಂಕಪ್ಪ. ಬೇರೆ ಮಾಸ್ತರರು ಇಂಥ ಪಾಠವನ್ನು ಮನಿಯಾಗ ಓದಿಕೊಳ್ರಿ ಎಂದು ದಾಟಿಸುತ್ತಿದ್ದರು. ಅಕ್ಕೋರು ನೆಟ್ಟಗೆ ಹೇಳಿದರು: ಕೆಂಪು ಗಾಢವಾದಷ್ಟೂ ಹೆಣ್ಣುಗಳು ಮೆಚ್ಚುತ್ತವೆ, ಹೆಚ್ಚು ಮರಿಗಳ ಅಪ್ಪನೂ ಅವನೇ, ಗುಂಪಿನ ಯಜಮಾನಿಕೆ ಕೈತಪ್ಪಿದರೆ ಬಣ್ಣವೂ ಇಳಿಯುತ್ತದೆ.

ಯಂಕಪ್ಪ ನಾಲ್ಕು ದಿನ ಬರೆದ. ಮೂಗಿನ ಕೆಂಪನ್ನೇ ಮೂರು ಸಲ ಕಲಸಿ ಚೆಲ್ಲಿದ. ಬರೀ ಅಕ್ಷರಗಳಲ್ಲಿ ಸವೆದ ಕೈಗೆ ಇದು ಮೊದಲ ಜೀವವಿರುವ ಚಿತ್ರ.

ಐದನೆಯ ದಿನ ಶಾಲಾ ಕಮಿಟಿಯ ಅಧ್ಯಕ್ಷ ಶ್ರೀಶೈಲಪ್ಪ ಸಾಹುಕಾರರು ಗುಲಾಬಿ ರುಮಾಲು ಸುತ್ತಿ, ಅತ್ತರು ಹಚ್ಚಿ ದಯಮಾಡಿಸಿದರು. ಮುಂದಿನ ತಿಂಗಳು ಕಮಿಟಿಯ ಚುನಾವಣೆ. ಚಿತ್ರದ ಕೆಳಗೆ ತಮ್ಮ ಹೆಸರು ದಪ್ಪಕ್ಷರದಲ್ಲಿ ಇರಬೇಕೆಂದು ಮೊದಲೇ ಅಪ್ಪಣೆಯಾಗಿತ್ತು. ಗೋಡೆ ನೋಡಿದವರೇ ಕೆರಳಿದರು. ಹೆಣ್ಣುಮಕ್ಕಳು ಓದುವ ಸಾಲಿಯಲ್ಲಿ ಇಂಥ ಕುಂಡಿಯೇ? ಸಂಜೆಯೊಳಗೆ ಮಂಗಕ್ಕೆ ಧೋತರ ಉಡಿಸಬೇಕು, ಇಲ್ಲವೇ ಗೋಡೆಗೆ ಸುಣ್ಣ. ಅಕ್ಕೋರು ಬಾಯಿ ತೆರೆದರೆ ಸಾಹುಕಾರರು ಕೈಯೆತ್ತಿ ತಡೆದರು.

ಯಂಕಪ್ಪ ಬ್ರಷ್ ಒರೆಸುತ್ತ ಮೆಲ್ಲಗೆ ಹೇಳಿದ: “ಉಡಸ್ತೇನ್ರಿ ಸಾವಕಾರ್ರ. ಆದ್ರ ಹಿಂದಿನ ಬಣ್ಣ ಹೋತಂದ್ರ ಮಾರೀದೂ ಇಳಿಸಬೇಕಾಗ್ತೈತಿ.”

“ಅದ್ಯಾಕ?”

“ಖುರ್ಚಿ ಹೋದ ಮಂಗ್ಯಾಗ ಬಣ್ಣ ಇರೂದಿಲ್ಲಂತ್ರಿ. ಅಕ್ಕೋರ ಹೇಳ್ಯಾರ. ಕೆಳಗ ನಿಮ್ಮ ಹೆಸರ ಬ್ಯಾರೆ ಬರೀಬೇಕು. ಮಂದಿ ಏನ ತಿಳಕೋತಾರೋ ಅಂತ.”

ಸಾಹುಕಾರರು ಮಂಗವನ್ನು ಬಹಳ ಹೊತ್ತು ನೋಡಿದರು. ಕೈ ತಾನಾಗಿ ರುಮಾಲಿಗೆ ಹೋಯಿತು.

“ಮೂಗ ಸ್ವಲ್ಪ ಸಪ್ಪಗ ಕಾಣತೈತಿ. ಇನ್ನೊಂದ ಕೈ ಹೊಡಿ,” ಎಂದರು. ಗೇಟಿನ ತನಕ ಹೋಗಿ ತಿರುಗಿದರು. “ಹಿಂದಕ್ಕೂ.”

ಯಂಕಪ್ಪ ಕೆಂಪಿನ ಡಬ್ಬಿ ತೆರೆದ. ಎರಡೂ ಕಡೆ ಹೊಡೆದು, ಸಾಹುಕಾರರ ಹೆಸರು ದಪ್ಪಗೆ ಬರೆದ. ಆಮೇಲೆ ಮೂವತ್ತು ವರ್ಷದಲ್ಲಿ ಮೊದಲ ಸಲ, ಬಾಲದ ಪಕ್ಕದ ಮೂಲೆಯಲ್ಲಿ, ತೊಗರಿ ಕಾಳಿನಷ್ಟು ಸಣ್ಣಗೆ ತನ್ನ ಹೆಸರನ್ನೂ ಬರೆದ.