ತವರಿನ ಹೆಸರಿನ ಖಾನೆ

ಅವರ ತಲೆಯ ಅಂಬಾಡೆಯಲ್ಲಿ ಅಬ್ಬಲಿಗೆಯ ದಂಡೆಗಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಒಂದು ಪೆನ್ಸಿಲ್. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಕಾಗದದಿಂದ ಕಣ್ಣು ಕೀಳದೆ ಕೈ ಹಿಂದಕ್ಕೆ ಒಯ್ದು ಅದನ್ನು ಎಳೆದು, ತಪ್ಪು ಕಂಡಲ್ಲಿ ಕೆಂಪು ಗೀಟು ಹಾಕಿ, ಮತ್ತೆ ಆ ತುರುಬಿಗೇ ಸಿಕ್ಕಿಸುವರು. ಕಾರವಾರದ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಅವರು ನನ್ನ ಮೇಲಿನವರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೂ ಡಾಕ್ಟರರಿಂದ ಆಯಾವರೆಗೆ ಎಲ್ಲರೂ ಅವರನ್ನು, ನಮ್ಮ ಕಡೆ ಟೀಚರನ್ನು ಕರೆಯುವಂತೆ, ಅಕ್ಕೋರೇ ಎನ್ನುತ್ತಿದ್ದರು.

ಶೆಟಗೇರಿಯಿಂದ ಬಸ್ಸು ಹತ್ತಿ ಬಂದು ಕೆಲಸಕ್ಕೆ ಸೇರಿದ ದಿನ, ನನ್ನ ಕಂಪ್ಯೂಟರ್ ಡಿಪ್ಲೊಮಾದ ಪತ್ರವನ್ನು ಜಂಬದಿಂದ ಅವರ ಮುಂದಿಟ್ಟೆ. ಅದರ ಮೇಲೆ ಅವರು ಚಹಾದ ಲೋಟ ಇಡಲಿಲ್ಲ ಎಂಬುದೇ ದೊಡ್ಡದು.

"ಇದೆಲ್ಲ ಇರ್ಲಿ ತಂಗೀ. ಒಬ್ಳು ಹೆಂಗ್ಸು ಬಂದ್ರೆ ಮೊದ್ಲು ಎಂತ ಕೇಳ್ತಿ?"

"ಹೆಸ್ರು."

"ಅಷ್ಟೇ ಸಾಕಾಗೂದಿಲ್ಲ. ತವರ್ಮನೆ ಯಾವ್ದು, ಅಲ್ಲಿ ಎಂತ ಹೇಳಿ ಕರೀತಿದ್ರು, ಅದ್ನೂ ಕೇಳೂದು."

ಕಾರಣವಿತ್ತು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಬರೆದು ಸೊಸೆಗೆ ಹೊಸ ಹೆಸರಿಡುತ್ತಾರೆ. ಅಂಕೋಲೆಯಲ್ಲಿ ಒಂದು ಹೆಸರಿನಿಂದ ಮದ್ದು ತೆಗೆದುಕೊಂಡವಳು ಕಾರವಾರದಲ್ಲಿ ಇನ್ನೊಂದು ಹೆಸರಿನಿಂದ ಹೆರುತ್ತಾಳೆ. ಕಡತಕ್ಕೆ ಅವರು ಇಬ್ಬರು. ಅದಕ್ಕೇ ಅಕ್ಕೋರು ರಿಜಿಸ್ಟರಿನ ಕಾಲದಲ್ಲೇ 'ತವರಿನ ಹೆಸರು' ಎಂದೊಂದು ಖಾನೆ ಎಳೆದುಕೊಂಡಿದ್ದರು. ಕಂಪ್ಯೂಟರ್ ಬಂದಾಗ ಹಟ ಹಿಡಿದು ಅದರೊಳಗೂ ಸೇರಿಸಿದರು.

ಐವತ್ತು ದಾಟಿದ ಮೇಲೆ, ರೋಗಗಳಿಗೆ ಸಂಕೇತ ಹಾಕುವ ಪರೀಕ್ಷೆ ಕಟ್ಟಿ ಪಾಸಾದವರು ಅವರು. ಮಧ್ಯಾಹ್ನ ಬಂಗಡೆ ಸಾರಿನಲ್ಲಿ ಅನ್ನ ಕಲಸುತ್ತ, ಕಿವಿಗೆ ವಯರು ಸಿಕ್ಕಿಸಿಕೊಂಡು ಪಾಠ ಕೇಳುವರು. ಈ ವಯಸ್ಸಲ್ಲಿ ಯಾಕೆ ಎಂದು ಕೆಣಕಿದರೆ, "ಕಲಿಯೂದು ಬಿಟ್ಟ ದಿನ ನನ್ನ ಕಡತಾನೂ ಕಪಾಟಿಗೆ ಸೇರ್ಸು" ಎನ್ನುವರು. ಭಾನುವಾರವೂ ಎಣಿಕೆ ತಪ್ಪಿದ್ದಲ್ಲ. ಮಲ್ಲಾಪುರದ ಕ್ವಾರ್ಟರ್ಸ್ ಖಾಲಿ ಮಾಡಿ ಹೋದ ಯಾರೋ ಕೊಟ್ಟ ದುರ್ಬೀನು ಹಿಡಿದು, ಕದ್ವಾಡದ ತಮ್ಮ ಮನೆಯ ಹತ್ತಿರ ಹೊಳೆದಂಡೆಯಲ್ಲಿ ಕೂತು ಹಕ್ಕಿ ಎಣಿಸುವರು. ಸೋಮವಾರ ನನಗೆ ವರದಿ: "ಮಿಂಚುಳ್ಳಿ ಒಂದು ಕಮ್ಮಿ ಮಾರಾಯ್ತಿ. ಎಲ್ಲಿ ಹೋಯ್ತೇನ."

ಆಸ್ಪತ್ರೆಗೆ ಹೊಸ ತಂತ್ರಾಂಶ ಬಂದಾಗ ಅಕ್ಕೋರು ಯಾವುದೋ ತರಬೇತಿಗೆ ಹೋಗಿದ್ದರು. ಹಳೆಯ ದಾಖಲೆಗಳನ್ನು ಅದಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ತವರಿನ ಹೆಸರು ಕೇಳುತ್ತ ಕೂತರೆ ಕೌಂಟರಿನ ಸಾಲು ಉದ್ದವಾಗುತ್ತದೆಂದು ಎಲ್ಲರೂ ಗೊಣಗುತ್ತಿದ್ದರು. ಜಾಣೆಯಂತೆ ನಾನು ಆ ಖಾನೆಯನ್ನೇ ತೆಗೆದುಬಿಟ್ಟೆ. ಅವರಿಗೆ ಹೇಳಲಿಲ್ಲ. ಮರೆತಿದ್ದಲ್ಲ, ಬೈಯುತ್ತಾರೆಂದು ಹೇಳಲಿಲ್ಲ.

ಮರಳಿದ ಮೇಲೆ ಅವರಿಗೆ ಬೇರೆ ಕೆಲಸ ವಹಿಸಿದ್ದರಿಂದ, ವಿಷಯ ಗೊತ್ತಾಗಲು ಆರು ತಿಂಗಳು ಹಿಡಿಯಿತು. ಬೈದರು, ಎಲ್ಲರ ಎದುರಿಗೇ. ಆಮೇಲೆ ಕುರ್ಚಿ ಎಳೆದುಕೊಂಡು, "ಯಾರ ಕಡತಕ್ಕೂ ಹೊಂದ್ದೆ ಬಿದ್ದ ವರದಿ ಎಷ್ಟದೆ, ತೆಗಿ" ಎಂದರು. ಇಬ್ಬರೂ ಕೂತು ಪಟ್ಟಿ ನೋಡಿದೆವು. ಅರ್ಧಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಅಂಕೋಲೆಯಲ್ಲಿ ನಮ್ಮ ಆಸ್ಪತ್ರೆ ನಡೆಸಿದ ಶಿಬಿರವೊಂದರ ಕ್ಯಾನ್ಸರ್ ತಪಾಸಣೆ. ಕೂಡಲೇ ಕರೆಸಬೇಕು ಎಂದಿತ್ತು.

"ಇದು ನಾನೇ, ತಂಗೀ."

ತರಬೇತಿ ಮುಗಿಸಿ ತವರಿಗೆ ಹೋದಾಗ ತಪಾಸಣೆ ಮಾಡಿಸಿಕೊಂಡಿದ್ದರು. ಹೆಸರು ಬರೆದುಕೊಂಡ ಆಶಾ ಕಾರ್ಯಕರ್ತೆ ಬಾಲ್ಯದ ಗೆಳತಿ. ಅವಳ ಕೈಗೆ ಬಂದದ್ದು ಬಾಲ್ಯದ ಹೆಸರು, ತವರಿನ ಹಳೆಯ ಫೋನ್ ನಂಬರು. ಆ ಫೋನು ಎಂದೋ ಬಂದ್ ಆಗಿತ್ತು. ಖಾನೆ ಇದ್ದಿದ್ದರೆ ವರದಿ ಬಂದ ದಿನವೇ ಅವರ ಕಡತಕ್ಕೆ ಸೇರುತ್ತಿತ್ತು.

"ನೀವಾದ್ರೂ ಕೇಳ್ಬಾರ್ದಿತ್ತಾ ಅಕ್ಕೋರೆ?" ಎಂದೆ.

"ತೊಂದ್ರೆ ಇದ್ರೆ ನಮ್ಮ ಪಟ್ಟಿನೇ ಕರೀತದೆ ಹೇಳಿ ಸುಮ್ನಿದ್ದೆ."

ಆರು ತಿಂಗಳ ಹಿಂದೆ ಬಂದಿದ್ದರೆ ಸಣ್ಣ ಆಪರೇಶನ್ನಿನಲ್ಲಿ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ.

ಚಿಕಿತ್ಸೆಗೆ ಕೂದಲು ಉದುರಿತು. ನೋಡಲು ಹೋದಾಗ ದಿಂಬಿನಡಿಯಿಂದ ಪೆನ್ಸಿಲ್ ತೆಗೆದು ಕೊಟ್ಟರು. "ಸಿಕ್ಸೂಕೆ ಜಾಗ ಇಲ್ವಲ್ಲೇ. ನೀನೇ ಇಟ್ಕೊ." ನಾನು ಅಳುತ್ತ ತಪ್ಪಾಯಿತೆಂದೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಹೇಳಬೇಕೆಂದು ನಾನು ಬಯಸುವುದೂ ತಪ್ಪು.

"ಖಾನೆ ವಾಪಸ್ ಹಾಕ್ದ್ಯಾ?"

"ಹಾಕ್ದೆ."

"ಹಂಗಾರೆ ಇಲ್ಲೆಂತಕ್ಕೆ ಕೂತಿ? ಹೋಗು. ಕೌಂಟರಲ್ಲಿ ಹೆಂಗಸ್ರು ಕಾಯ್ತಿರ್ತಾರೆ."

ಅವರು ಹೋದ ದಿನ ಆಸ್ಪತ್ರೆಯ ನಾವೆಲ್ಲ ಕದ್ವಾಡದ ಮನೆಯಂಗಳದಲ್ಲಿ ನಿಂತಿದ್ದೆವು. ಅಂಕೋಲೆಯಿಂದ ಅವರ ತಾಯಿಯನ್ನು ಕರೆತಂದರು. ಮುದುಕಿ ಮಗಳ ಬೋಳು ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಒಂದು ಹೆಸರು ಹಿಡಿದು ಮತ್ತೆ ಮತ್ತೆ ಕರೆಯತೊಡಗಿದಳು.

"ಅಜ್ಜಿ ಯಾರ್ನ ಕರೀತದೆ?" ಪಕ್ಕದಲ್ಲಿದ್ದ ನರ್ಸ್ ಮೆಲ್ಲನೆ ಕೇಳಿದಳು.

ನಮ್ಮಲ್ಲಿ ಅದು ಗೊತ್ತಿದ್ದುದು ನನಗೊಬ್ಬಳಿಗೇ. ಆ ಹೆಸರನ್ನು ನಾನು ಓದಿದ್ದೆ, ಯಾರಿಗೂ ಹೊಂದದ ಹೆಸರುಗಳ ಪಟ್ಟಿಯಲ್ಲಿ.